ಅತ್ತೆಯ ಬಲಗೈ ಮತ್ತು ಮುಟ್ಟುವ ಯಂತ್ರ

ಅತ್ತೆಯನ್ನು ಮಧ್ಯಾಹ್ನದ ತನಕ ಮುಟ್ಟುವ ಹಾಗಿರಲಿಲ್ಲ. ಅವಳು ನನ್ನ ಅಪ್ಪನ ಅಕ್ಕ. ಮದುವೆಯಾದ ನಾಲ್ಕೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಸಿದ್ದಾಪುರದ ನಮ್ಮ ಮನೆಗೆ ವಾಪಸು ಬಂದಿದ್ದಳು. ನನ್ನನ್ನು ಹೆತ್ತ ಮೇಲೆ ಅಮ್ಮನ ಆರೋಗ್ಯ ನೆಟ್ಟಗಾಗಲೇ ಇಲ್ಲವಾದ್ದರಿಂದ ನನ್ನನ್ನು ಸಾಕಿದ್ದು ಅತ್ತೆಯೇ. ಸಾಕಿದಳು ಎಂದರೆ, ದಿನದ ಅರ್ಧ ಭಾಗ ದೂರದಿಂದಲೇ ಸಾಕಿದಳು. ಬೆಳಿಗ್ಗೆ ಮಿಂದು, ಯಾರೂ ತಾಗದಂತೆ ಎತ್ತರದ ಗಳದ ಮೇಲೆ ತಾನೇ ಒಣಗಿಸಿಕೊಂಡ ಸೀರೆ ಉಟ್ಟಳೆಂದರೆ ಅವಳು ಮಡಿ. ಹಾಗೆ ಮಿಂದು ಮಡಿ ಉಡದ ನಾವೆಲ್ಲ ಮೈಲಿಗೆ. ನಮ್ಮ ಬಟ್ಟೆಯ ತುದಿ ತಾಗಿದರೂ ಅವಳಿಗೆ ಇನ್ನೊಮ್ಮೆ ಸ್ನಾನ. ಅಡುಗೆ ಮಾಡಿಕೊಂಡು, ಉಂಡು, ಕೈ ತೊಳೆದ ಮೇಲೆ ಆ ದಿನದ ಮಡಿ ಮುಗಿಯುತ್ತಿತ್ತು. ಆಗ ಹಿತ್ತಿಲ ಬಾಗಿಲಿಂದ ಕೂಗುತ್ತಿದ್ದಳು.

"ಬಾ ಕೂಸೆ, ಈಗ ಮುಟ್ಲಕ್ಕು."

ಇನ್ನು ಮುಟ್ಟಬಹುದು ಎನ್ನುವ ಆ ಕೂಗಿಗೇ ನಾನು ಕಾದಿರುತ್ತಿದ್ದೆ. ಓಡಿಹೋಗಿ ಅವಳ ಮಡಿಲಲ್ಲಿ ತಲೆ ಇಟ್ಟರೆ ಬಲಗೈ ಬೆರಳಲ್ಲಿ ಕೂದಲು ಬಿಡಿಸಿ, ಸಿಕ್ಕು ತೆಗೆದು, ಸಿಕ್ಕಿದ ಹೇನಿಗೆಲ್ಲ ಒಂದೊಂದು ಬೈಗುಳ ಕೊಟ್ಟು ಕೊಲ್ಲುತ್ತಿದ್ದಳು. ಆ ಬೆರಳುಗಳಿಗೆ ಬೆಂದ ಅಕ್ಕಿಯ ವಾಸನೆ ಇರುತ್ತಿತ್ತು. ಶಾಲೆಗೆ ರಜೆ ಇದ್ದ ದಿನ ಮಾತ್ರ ಸಿಗುವ ಸುಖ ಅದು. ಹಾಗಾಗಿ ನನಗೆ ಭಾನುವಾರದ ಮೇಲೆ ಇದ್ದಷ್ಟು ಪ್ರೀತಿ ದೀಪಾವಳಿಯ ಮೇಲೂ ಇರಲಿಲ್ಲ.

ಮಡಿ ಆಗಿನ ಕಾಲದ ಎಷ್ಟೋ ಮನೆಗಳಲ್ಲಿತ್ತು. ಅತ್ತೆಯದು ಅದಕ್ಕಿಂತ ಒಂದು ಕೈ ಮೇಲೆ. ಅವಳದು ಸ್ವಯಂಪಾಕ. ತಾನೇ ಬೇಯಿಸಿದ ಅನ್ನವನ್ನಷ್ಟೇ ತಾನು ಉಣ್ಣುವುದು. ಮದುವೆ, ಮುಂಜಿ, ತಿಥಿ ಯಾವುದಕ್ಕೆ ಹೋದರೂ ಬಾಳೆಹಣ್ಣು ತಿಂದು ಬರುವಳು. ಇದು ಯಾವ ಶಾಸ್ತ್ರ ಎಂದು ಹುಡುಗಿಯಾಗಿದ್ದಾಗ ಜಗಳಕ್ಕೆ ನಿಂತಿದ್ದೆ. ಅವಳು ಶಾಸ್ತ್ರದ ಮಾತೆತ್ತಲಿಲ್ಲ. ಅವತ್ತು ಹೇಳಿದ್ದು ಇಷ್ಟೇ:

"ಅವು ಹೋದ ಮೇಲೆ ಆ ಮನೆಲಿ ಎನ್ನ ಕೈ ಅನ್ನ ಉಂಬಲೆ ಯಾರೂ ತಯಾರಿದ್ದಿದ್ವಿಲ್ಲೆ. ಕಾಲ್ಗುಣ ಸರಿ ಇಲ್ಲೆ ಹೇಳಿ. ಮಾಡಿದ್ದನ್ನ ಆನೊಬ್ಳೇ ಉಂಡೆ. ಇನ್ನು ಮೇಲೆ ಎನ್ನ ಅನ್ನ ಎಂಗೆ, ಅವರ ಅನ್ನ ಅವ್ಕೆ."

ಆಮೇಲೆ ನಾನು ಆ ವಿಷಯ ಎತ್ತಲಿಲ್ಲ. ಆದರೆ ಅವಳ ಗಂಡನ ಮನೆಯವರ ಮೇಲಿನ ಸಿಟ್ಟು ಈಗಲೂ ನನ್ನ ಹೊಟ್ಟೆಯಲ್ಲಿದೆ. ಅವರಲ್ಲಿ ಒಬ್ಬರೂ ಈಗ ಬದುಕಿಲ್ಲ. ಹಾಗಾಗಿ ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯುವುದಿಲ್ಲ.

ಅಮ್ಮ ಮೊದಲೇ ಹೋಗಿದ್ದಳು. ತೊಂಬತ್ತರ ದಶಕದಲ್ಲಿ ಅಪ್ಪನೂ ತೀರಿಕೊಂಡ ಮೇಲೆ ಅತ್ತೆ ಶಿರಸಿಯ ನಮ್ಮ ಬಾಡಿಗೆ ಮನೆಗೆ ಬಂದಳು. ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಎಸ್‌ಟಿಡಿ ಬೂತು. ಗಂಡನಿಗೆ ಯಲ್ಲಾಪುರದಲ್ಲಿ ಕೆಲಸ. ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುವವರು. ಮಕ್ಕಳಾಗಲಿಲ್ಲ. ಹಾಗಾಗಿ ವಾರವಿಡೀ ಮನೆಯಲ್ಲಿ ನಾನು ಮತ್ತು ಅತ್ತೆ. ಸೌದೆ ಒಲೆಗೆ ಮನೆಯ ಮಾಲೀಕರು ಒಪ್ಪಲಿಲ್ಲ. ಗ್ಯಾಸ್ ಒಲೆ ನೋಡಿ ಅತ್ತೆ ಮುಖ ಸಿಂಡರಿಸಿದಳು.

"ರಬ್ಬರ್ ನಳಿಗೆಲಿ ಬಂದ ಬೆಂಕಿ ಮಡಿಗೆ ಬತ್ತಾ?"

"ಬೆಂಕಿಗೂ ಮೈಲಿಗೆ ಇದ್ದಾ ಅತ್ತೆ? ಅಗ್ನಿ ಅಲ್ದಾ ಅದು?" ಅಂದೆ.

ಎರಡು ದಿನ ಯೋಚಿಸಿ ಒಪ್ಪಿಕೊಂಡಳು. ಬೇರೆ ದಾರಿ ಇಲ್ಲದಾಗ ಮಡಿಯೊಳಗೆ ಒಂದು ಕಿಟಕಿ ತೆಗೆಯುವ ಜಾಣತನ ಅವಳಿಗಿತ್ತು. ಪಾತ್ರೆ ಇಡುವ ಮೊದಲು ಒಲೆಗೆ, ಕಟ್ಟೆಗೆ, ಪಾತ್ರೆಗೆ ತಾಮ್ರದ ತಂಬಿಗೆಯಿಂದ ನೀರು ಹಾಕಿ ಶುದ್ಧ ಮಾಡಿಕೊಂಡಳೆಂದರೆ ಮುಗಿಯಿತು, ಅದು ಅವಳ ಒಲೆ. ಆ ನೀರಿನಿಂದ ನಮ್ಮ ಗ್ಯಾಸ್ ಒಲೆಯ ಬರ್ನರ್ ಎಷ್ಟು ಸಲ ಕಟ್ಟಿಕೊಂಡಿತೋ, ರಿಪೇರಿಯವನು ಬಂದಾಗಲೆಲ್ಲ ನಗುತ್ತಿದ್ದ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷ ಆಗಿತ್ತು. ಒಂದು ಬೆಳಿಗ್ಗೆ ನಾನು ಬೂತಿನ ಬೀಗದ ಕೈ ಹುಡುಕುತ್ತಿದ್ದಾಗ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಅತ್ತೆ ಅನ್ನದ ಗಂಜಿ ಬಸಿಯುತ್ತಿದ್ದಳು. ಅನ್ನವೆಲ್ಲ ನೆಲದ ಮೇಲೆ ಹರಡಿತ್ತು. ಅವಳು ತನ್ನ ಬಲಗೈಯನ್ನು ದಿಟ್ಟಿಸುತ್ತ ನಿಂತಿದ್ದಳು.

"ಇದು ಎನ್ನ ಮಾತು ಕೇಳ್ತಿಲ್ಲೆ" ಅಂದಳು. ನಾಲಿಗೆ ತೊದಲಿತು. ಬಲಗಾಲು ಮಡಚಿಕೊಂಡು ಅವಳು ವಾಲುವುದಕ್ಕೂ ನಾನು ಹೋಗಿ ಹಿಡಿಯುವುದಕ್ಕೂ ಸರಿಹೋಯಿತು. ನನ್ನ ತೋಳಲ್ಲಿ ಕುಸಿಯುತ್ತ ಅವಳು ಹೇಳಿದ್ದು "ಮುಟ್ಟಡ" ಎಂದು. ಆ ಹೊತ್ತಿನಲ್ಲೂ ಮುಟ್ಟಬೇಡವಂತೆ! ನನಗೆ ಅಳು ಬಂತು, ಸಿಟ್ಟೂ ಬಂತು.

ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ, ಪಾರ್ಶ್ವವಾಯು ಎಂದರು ವೈದ್ಯರು. ಜೀವಕ್ಕೆ ಭಯ ಇರಲಿಲ್ಲ. ಮಾತು ಕೆಲವು ದಿನಗಳಲ್ಲಿ ತಿಳಿಯಾಯಿತು. ಕಾಲು ಎಳೆದುಕೊಂಡಾದರೂ ನಡೆಯುವಷ್ಟಾಯಿತು. ಬಲಗೈ ಮಾತ್ರ ತೋಳಿಂದ ತೂಗಿಬಿಟ್ಟಂತೆ ಉಳಿಯಿತು. ಕೈ ಎತ್ತಲು ಆಗದಿರುವುದು ಒಂದು ಕಷ್ಟವಾದರೆ, ಸ್ಪರ್ಶವೇ ಗೊತ್ತಾಗದಿರುವುದು ಇನ್ನೊಂದು. ಕಣ್ಣು ಮುಚ್ಚಿಸಿ ಸೂಜಿ ಚುಚ್ಚಿದರೆ "ಚುಚ್ಚಿದ್ರಾ?" ಎಂದು ಕೇಳುತ್ತಿದ್ದಳು.

ಆಸ್ಪತ್ರೆಯಲ್ಲಿ ಯಾರು ಯಾರೋ ಮುಟ್ಟಿದ್ದನ್ನು ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮನೆಗೆ ಬಂದ ಮರುದಿನವೇ ಸ್ನಾನ, ಮಡಿ. ನಾನು ಮೊದಲು ಮಿಂದು, ಒದ್ದೆ ಸೀರೆಯಲ್ಲೇ ಅವಳನ್ನು ಮೀಯಿಸಿ, ಮಡಿಸೀರೆ ಉಡಿಸಿ, ಕುರ್ಚಿಯಲ್ಲಿ ಕೂರಿಸುತ್ತಿದ್ದೆ. ಮಡಿಯಲ್ಲಿರುವವಳು ಮಡಿಯಲ್ಲಿರುವವಳನ್ನು ಮುಟ್ಟಬಹುದು. ಅಲ್ಲಿಯತನಕ ಸರಿ. ನಾನು ಅದೇ ಒದ್ದೆಯಲ್ಲಿ ಅನ್ನ ಮಾಡಿ ಬಾಳೆಲೆಗೆ ಬಡಿಸಿದರೆ ಅವಳು ತಲೆ ಅಲ್ಲಾಡಿಸಿದಳು.

"ಆನು ಮಾಡ್ಕ್ಯಂಡು ಉಂಬವ್ಳು. ಕೈ ಬರ್ಲಿ, ಉಣ್ತೆ."

ಹಾಲು, ಬಾಳೆಹಣ್ಣು, ಹಾಲಲ್ಲಿ ನೆನೆಸಿದ ಅವಲಕ್ಕಿ. ಇದರ ಮೇಲೆ ಅವಳ ದಿನ ಸಾಗತೊಡಗಿತು. ಬೈದೆ, ಬೇಡಿಕೊಂಡೆ, ನಾನೂ ಉಪವಾಸ ಮಾಡುತ್ತೇನೆಂದು ಹೆದರಿಸಿದೆ. "ಮಾಡು, ನಿಂಗೂ ಮೈ ಬಂದಿದ್ದು" ಎಂದು ನಕ್ಕಳು. ಗಂಡ ಯಲ್ಲಾಪುರದಿಂದಲೇ ಚಂದಗುಳಿಯ ಗಣಪತಿಗೆ ಹರಕೆ ಹೇಳಿಕೊಂಡು ಗಂಟೆ ಕಟ್ಟಿ ಬಂದರು. ಅತ್ತೆಯ ಕುಪ್ಪಸ ಸಡಿಲವಾಗುತ್ತ ಬಂತು.

ಇದರಲ್ಲಿ ಇನ್ನೊಂದು ತೊಡಕಿತ್ತು. ಊಟವಾದರೆ ಮಡಿ ಮುಗಿಯಬೇಕು. ಊಟವೇ ಇಲ್ಲವಾದ್ದರಿಂದ ಅವಳ ಮಡಿ ಮುಗಿಯುತ್ತಲೇ ಇರಲಿಲ್ಲ. ಬೆಳಿಗ್ಗೆಯಿಂದ ರಾತ್ರಿ ಮಲಗುವ ತನಕ ಅವಳನ್ನು ಯಾರೂ ಮುಟ್ಟುವಂತಿಲ್ಲ. ಹಾಗಿರುವಾಗ ವ್ಯಾಯಾಮ ಮಾಡಿಸುವುದು ಹೇಗೆ, ಕೈ ಬರುವುದು ಹೇಗೆ?

ತರಕಾರಿ ಮಾರುಕಟ್ಟೆಯ ಹಿಂದೆ ಒಬ್ಬ ಫಿಸಿಯೋಥೆರಪಿಯ ಡಾಕ್ಟರಮ್ಮ ಹೊಸದಾಗಿ ಕ್ಲಿನಿಕ್ ತೆರೆದಿದ್ದಳು. ಹಾವೇರಿ ಕಡೆಯವಳು, ಮದುವೆಯಾಗಿ ಶಿರಸಿಗೆ ಬಂದವಳು. ದಿನಾ ಸಂಜೆ ತವರಿಗೆ ಫೋನು ಮಾಡಲು ನನ್ನ ಬೂತಿಗೆ ಬರುತ್ತಿದ್ದಳು. ಅವಳನ್ನು ಮನೆಗೆ ಕರೆದೆ. ಅತ್ತೆ ಕುರ್ಚಿಯಲ್ಲಿ ಹಿಂದೆ ಹಿಂದೆ ಸರಿದಳು.

"ಅಮ್ಮಾರ, ನಾನೂ ಜಳಕಾ ಮಾಡಿ ತೊಯ್ದ ಸೀರಿ ಉಟ್ಕೊಂಡು ಬರ್ತೀನ್ರಿ, ಕೈ ಕೊಡ್ರಿ" ಅಂದಳು ಆ ಹುಡುಗಿ. ಅವಳಿಗೆ ಅದರಲ್ಲಿ ಅವಮಾನ ಕಾಣಲಿಲ್ಲ. ನನಗೇ ನಾಚಿಕೆಯಾಯಿತು.

"ಬೇಡ ತಂಗೀ, ನಿಮಗೆ ಯಾಕೆ ಆ ಶಿಕ್ಷೆ" ಎಂದು ಅತ್ತೆ ಮೆತ್ತಗೆ ಹೇಳಿದಳು. ಮೆತ್ತಗೆ ಹೇಳಿದ್ದನ್ನು ಅವಳು ಎಂದೂ ಬದಲಾಯಿಸಿದವಳಲ್ಲ.

ನಾನು ಡಾಕ್ಟರಮ್ಮನಿಂದ ಕಲಿತು ಬೆಳಗಿನ ಒದ್ದೆಯಲ್ಲೇ ಅತ್ತೆಯ ಬೆರಳು ಬಿಡಿಸಿ ಮಡಚುತ್ತಿದ್ದೆ. ನನಗೆ ಬೂತು ತೆರೆಯುವ ಅವಸರ. ಅರ್ಧ ತಾಸಿನಲ್ಲಿ ಎಷ್ಟಾಗುತ್ತದೆ? ಮುಷ್ಟಿ ಗಟ್ಟಿಯಾಗುತ್ತಲೇ ಹೋಯಿತು.

ಒಂದು ಸಂಜೆ ಡಾಕ್ಟರಮ್ಮ ಫೋನು ಮುಗಿಸಿ ಬಂದವಳೇ ಉಸಿರು ಬಿಡದೆ ಹೇಳಿದಳು. ಹುಬ್ಬಳ್ಳಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು ಒಂದು ಯಂತ್ರ ಮಾಡಿದ್ದಾರೆ. ಪಾರ್ಶ್ವವಾಯು ಆದವರು ಅದನ್ನು ಹಿಡಿದುಕೊಂಡು ಕಂಪ್ಯೂಟರಿನೊಳಗಿನ ವಸ್ತುಗಳನ್ನು ಮುಟ್ಟಬಹುದು, ಎತ್ತಬಹುದು. ಇಲ್ಲದ ವಸ್ತು, ಆದರೆ ಕೈಗೆ ಮಾತ್ರ ತಾಗುತ್ತದೆ. ಅದನ್ನು ಕೆಲವು ತಿಂಗಳು ಅವಳ ಕ್ಲಿನಿಕ್ಕಿನಲ್ಲಿ ಇಟ್ಟು ಮೂವರು ರೋಗಿಗಳಿಗೆ ಅಭ್ಯಾಸ ಮಾಡಿಸಿ ನೋಡಬೇಕಂತೆ.

"ಅಕ್ಕಾರ, ಅದರಾಗ ಯಾರೂ ಯಾರ್ನೂ ಮುಟ್ಟೂದಿಲ್ಲ ನೋಡ್ರಿ!" ಅಂದಳು.

ಅತ್ತೆಗಿಂತ ಮೊದಲು ನಾನು ಹೋಗಿ ನೋಡಿ ಬಂದೆ. ಮೇಜಿನ ಮೇಲೆ ದಪ್ಪನೆಯ ಕಂಪ್ಯೂಟರು, ಪಕ್ಕದಲ್ಲಿ ವೈರುಗಳು ಹೊರಬಂದ ಒಂದು ತೆರೆದ ಪೆಟ್ಟಿಗೆ, ಅದರಿಂದ ಟೇಬಲ್ ಲ್ಯಾಂಪಿನ ಹಾಗೆ ಮಡಚಿ ಬಿಡಿಸುವ ಲೋಹದ ತೋಳು. ತೋಳಿನ ತುದಿಗೆ ನಿಂಬೆಹಣ್ಣಿನಷ್ಟು ಗುಂಡು ಹಿಡಿಕೆ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡರೆ ಪರದೆಯೊಳಗಿನ ಚೆಂಡು, ಬಟ್ಟಲು ಎಲ್ಲ ಹೊರಗೆ ಬಂದು ಎದುರಿಗೇ ನಿಲ್ಲುತ್ತಿದ್ದವು. ಹಿಡಿಕೆ ಹಿಡಿದು ಕೈ ಮುಂದೆ ಚಾಚಿದೆ. ಗಾಳಿಯಲ್ಲಿ ಗೋಡೆ ತಾಗಿತು. ಒತ್ತಿದೆ, ಸರಿಯಲಿಲ್ಲ. ಕನ್ನಡಕ ತೆಗೆದು ನೋಡಿದರೆ ಎದುರಿಗೆ ಏನೂ ಇಲ್ಲ. ಮತ್ತೆ ಹಾಕಿಕೊಂಡು ಸವರಿದೆ. ಒಂದು ಕಡೆ ತೆಂಗಿನ ಚಿಪ್ಪಿನಂತೆ ಒರಟು, ಇನ್ನೊಂದು ಕಡೆ ಎಣ್ಣೆ ಸವರಿದಂತೆ ನುಣುಪು. ಮೇಷ್ಟ್ರು ಪರದೆಯೊಳಗಿನ ಒಂದು ತಂಬಿಗೆ ಎತ್ತಿಸಿದರು. ಅದಕ್ಕೆ ಪರದೆಯಲ್ಲಿ ನೀರು ಬೀಳುತ್ತಿದ್ದ ಹಾಗೆ ಕೈ ಭಾರವಾಗುತ್ತ ಹೋಯಿತು. ಈ ಸುಳ್ಳು ನೀರಿಗೆ ನನ್ನ ನಿಜವಾದ ತೋಳು ನೋಯುತ್ತಿತ್ತು.

ಮೇಷ್ಟ್ರು ನಲವತ್ತರ ಆಸುಪಾಸಿನ ಸಣಕಲು ಮನುಷ್ಯ. ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಮನೆಗೆ ಬಂದು ಅತ್ತೆಗೆ ಎಲ್ಲ ವಿವರಿಸಿದರು. ಅತ್ತೆ ಒಂದೊಂದೇ ಪ್ರಶ್ನೆ ಕೇಳಿದಳು. ಹಿಡಿಕೆ ಎಂತರದ್ದು? ಚರ್ಮ ಇದೆಯಾ? ಇಲ್ಲ. ಬೇರೆಯವರೂ ಹಿಡಿಯುತ್ತಾರಾ? ಹಿಡಿಯುತ್ತಾರೆ. ಅದರೊಳಗಿನ ಪಾತ್ರೆ ಯಾರದ್ದು?

"ಯಾರದ್ದೂ ಅಲ್ಲ ಅಜ್ಜಿ. ಅದು ಇಲ್ಲವೇ ಇಲ್ಲ."

ಅತ್ತೆ ನನ್ನ ಕಡೆ ತಿರುಗಿದಳು.

"ಇಲ್ದೇ ಇದ್ದಿದ್ದನ್ನ ಮುಟ್ಟಿದ್ರೆ ಮೈಲಿಗೆ ಇಲ್ಲೆ ಅಲ್ದಾ?"

"ಇಲ್ಲೆ" ಅಂದೆ ತಟ್ಟನೆ. ಇಂಥದಕ್ಕೆ ಧರ್ಮಶಾಸ್ತ್ರದಲ್ಲಿ ಉತ್ತರ ಇದ್ದಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ.

ಇನ್ನು ಉಳಿದದ್ದು ಎಲ್ಲರೂ ಹಿಡಿಯುವ ಆ ಹಿಡಿಕೆ. ಅದಕ್ಕೆ ದಾರಿ ಅವಳೇ ಹುಡುಕಿದಳು. ರೇಷ್ಮೆಗೆ ಮೈಲಿಗೆ ಹತ್ತುವುದಿಲ್ಲ. ಅವಳ ಹಳೆಯ ಪಟ್ಟೆಸೀರೆಯ ತುಂಡಿನಲ್ಲಿ ನಾನು ಹಿಡಿಕೆಗೊಂದು ಕುಲಾವಿ ಹೊಲಿದೆ. ಬೆರಳು ಜಾರದಂತೆ ಕಟ್ಟಲು ಅದೇ ರೇಷ್ಮೆಯ ಪಟ್ಟಿ. ಉಣ್ಣೆಗೂ ಮೈಲಿಗೆ ಇಲ್ಲವಾದ್ದರಿಂದ ಆಟೋ ಸೀಟಿಗೆ, ಕ್ಲಿನಿಕ್ಕಿನ ಕುರ್ಚಿಗೆ ಕಂಬಳಿ. ಅವಳನ್ನು ಹಿಡಿದುಕೊಂಡು ಹೋಗುವ ನಾನು ಮಡಿಯಲ್ಲಿರಬೇಕು. ಒದ್ದೆ ಸೀರೆಯಲ್ಲಿ ಪೇಟೆಗೆ ಹೋಗಲಾದೀತೇ? ಹಾಗಾಗಿ ನನಗೆ ದಿನಾ ನನ್ನ ಮದುವೆಯ ಪಟ್ಟೆಸೀರೆ. ಆಟೋದವನು ಮೊದಲ ದಿನ "ಯಾರ ಮನೆ ಮದುವೆ ಅಕ್ಕಾ?" ಎಂದು ಕೇಳಿದ. ಮಾರುಕಟ್ಟೆಯ ಹೂವಿನವಳು ಎಲ್ಲರೆದುರು ಅದನ್ನೇ ಕೇಳಿದಳು. "ನನ್ನದೇ" ಅಂದೆ. ಸಿಟ್ಟಿನಲ್ಲಿ ಅಂದದ್ದು, ಪೇಟೆಗೆಲ್ಲ ನಗೆಯಾಯಿತು.

ಮೊದಲ ವಾರಗಳಲ್ಲಿ ಏನೂ ಆಗಲಿಲ್ಲ. ಪರದೆಯಲ್ಲಿ ತಂಬಿಗೆ ಇರುತ್ತಿತ್ತು, ಅತ್ತೆಯ ಕೈ ಇದ್ದಲ್ಲೇ ಇರುತ್ತಿತ್ತು. ಯಂತ್ರವೇ ತೋಳನ್ನು ಮೆಲ್ಲಗೆ ಎಳೆದುಕೊಂಡು ಹೋಗಿ ತಂಬಿಗೆಗೆ ತಾಗಿಸುವುದು, ಅವಳು ಕನ್ನಡಕದೊಳಗಿಂದ ಯಾರದೋ ಕೈಯನ್ನು ನೋಡುವ ಹಾಗೆ ನೋಡುವುದು. ಚರ್ಮದ ಅರಿವು ಹೋಗಿದ್ದರೂ ಒಳಗಿನ ಸ್ನಾಯುಗಳಿಗೆ ಭಾರದ ಅರಿವು ಸ್ವಲ್ಪ ಉಳಿದಿರಬಹುದು, ಅದನ್ನು ಎಬ್ಬಿಸಬೇಕು ಎಂದು ಡಾಕ್ಟರಮ್ಮ ಹೇಳುತ್ತಿದ್ದಳು. ನನಗೆ ನಂಬಿಕೆ ಬರಲಿಲ್ಲ. ಅತ್ತೆಯ ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು.

ಅಂಥದೇ ಒಂದು ದಿನ ಪರದೆಯ ತಂಬಿಗೆಗೆ ನೀರು ಬೀಳುತ್ತಿತ್ತು. ಅತ್ತೆ ಇದ್ದಕ್ಕಿದ್ದಂತೆ ಹೇಳಿದಳು.

"ಭಾರ ಇದ್ದು."

"ಎಂತ ಅಂದೆ ಅತ್ತೆ?"

"ನೀರು. ಭಾರ ಇದ್ದೇ!"

ಡಾಕ್ಟರಮ್ಮ ಅವಳ ಕನ್ನಡಕ ತೆಗೆಸಿ, ಕಣ್ಣು ಮುಚ್ಚಿಸಿ, ನೀರು ಹೆಚ್ಚು ಕಡಿಮೆ ಮಾಡಿ ಕೇಳಿದಳು. "ಈಗ ಕಡಿಮೆ", "ಈಗ ತುಂಬಿತು" ಎಂದು ಅತ್ತೆ ಸರಿಯಾಗಿ ಹೇಳಿದಳು. ಆಮೇಲೆ ಕೈ ತಾನಾಗಿ ಕದಲಿತು, ಬೆರಳು ಹಿಡಿಕೆಯನ್ನು ತಾನೇ ಬಿಗಿದವು. ಆ ದಿನಗಳಲ್ಲಿ ಆಟೋದಲ್ಲಿ ಕೂತಾಗ ಅತ್ತೆ ಅಡುಗೆಯ ಮಾತಾಡುತ್ತಿದ್ದಳು. ಮೊದಲ ದಿನ ಏನು ಮಾಡುವುದು? ಬರೀ ಅನ್ನ, ತುಪ್ಪ, ಮಾವಿನಮಿಡಿ. ಬಾಯಲ್ಲಿ ನೀರೂರಿಸಿಕೊಂಡು ಹೇಳುವಳು. ಅವಳು ಅನ್ನ ಉಣ್ಣುವುದನ್ನು ನಾನು ಕಣ್ಣಾರೆ ಕಾಣುತ್ತೇನೆ ಅಂದುಕೊಂಡೆ.

ಮೇಷ್ಟ್ರಿಗೆ ಹಿಗ್ಗೋ ಹಿಗ್ಗು. ಅಜ್ಜಿಗೆ ಯಾವ ಕೆಲಸಕ್ಕೆ ಕೈ ಬೇಕು ಎಂದು ನನ್ನನ್ನು ಕೇಳಿದರು. ಗಂಜಿ ಬಸಿಯುವುದಕ್ಕೆ ಅಂದೆ. ಮುಂದಿನ ಸಲ ಬಂದಾಗ ಯಂತ್ರದೊಳಗೆ ಅದನ್ನೇ ಮಾಡಿಕೊಂಡು ಬಂದಿದ್ದರು. ಒಲೆ, ಒಲೆಯ ಮೇಲೆ ಅನ್ನದ ಪಾತ್ರೆ, ಪಕ್ಕದಲ್ಲಿ ಗಂಜಿ ಬೀಳಲು ಮರದ ಮರಿಗೆ. ಪಾತ್ರೆಯಿಂದ ಹಬೆ ಕೂಡ ಏಳುತ್ತಿತ್ತು. ಅವರು ಮನಸ್ಸಿಟ್ಟು ಮಾಡಿದ್ದರು. ನಾನು ಈಗಲೂ ಆ ಮನುಷ್ಯನನ್ನು ನೆನೆಯುವುದು ಆ ಹಬೆಗಾಗಿ.

ಅತ್ತೆಗೆ ಕನ್ನಡಕ ಹಾಕಿ ಕೂರಿಸಿದೆ. ಕುಲಾವಿ ಹಾಕಿ ಹಿಡಿಕೆ ಸಿದ್ಧ ಮಾಡಿದೆ. ಬೆರಳಿಗೆ ಕಟ್ಟುವ ರೇಷ್ಮೆಪಟ್ಟಿ ಕೈಚೀಲದಲ್ಲೇ ಉಳಿದಿತ್ತು, ಕೈಚೀಲ ಬಾಗಿಲ ಹತ್ತಿರ. ತರಲು ಹೋದೆ. ಮೇಷ್ಟ್ರು ಕಿಟಕಿಯ ಹತ್ತಿರ ಏನೋ ಬರೆದುಕೊಳ್ಳುತ್ತಿದ್ದರು. ಡಾಕ್ಟರಮ್ಮ ಒಳಕೋಣೆಯಿಂದ ಬರುತ್ತಿದ್ದಳು.

ಅತ್ತೆ ಎದುರಿಗಿದ್ದ ಒಲೆಯನ್ನೂ ಪಾತ್ರೆಯನ್ನೂ ನೋಡಿದಳು. ಇಷ್ಟು ದಿನ ಚೆಂಡು, ಬಟ್ಟಲು, ತಂಬಿಗೆ. ಅವೆಲ್ಲ ಆಟ. ಇದು ಅಡುಗೆ. ಒಲೆಗೆ, ಪಾತ್ರೆಗೆ ನೀರು ಹಾಕದೆ ಅವಳು ಜೀವಮಾನದಲ್ಲಿ ಅಡುಗೆ ಮಾಡಿದವಳಲ್ಲ. ಬಾಯಾರಿದರೆ ಇರಲಿ ಎಂದು ನಾವು ಮನೆಯಿಂದ ತರುತ್ತಿದ್ದ ತಾಮ್ರದ ತಂಬಿಗೆ ಅವಳ ಬಲಕ್ಕೇ ಇತ್ತು, ಅರ್ಧ ನೀರಿನ ಸಮೇತ. ಶುದ್ಧದ ನೀರನ್ನು ಎಡಗೈಯಲ್ಲಿ ಹಾಕುವುದು ಅವಳ ಕನಸಿನಲ್ಲೂ ಇಲ್ಲದ ಮಾತು.

ನಾನು ತಿರುಗಿ ನೋಡಿದಾಗ ಬಲಗೈ ತಂಬಿಗೆಯ ಕಂಠ ಹಿಡಿದಾಗಿತ್ತು. ಯಾರೂ ಕಟ್ಟಿರಲಿಲ್ಲ, ಯಂತ್ರ ಎಳೆಯುತ್ತಿರಲಿಲ್ಲ. ಆ ಕೈ ನಡುಗುತ್ತ ಮೇಲೆದ್ದಿತು, ಮೇಜಿನ ಮೇಲಕ್ಕೆ ಬಂತು, ಮಣಿಕಟ್ಟು ಬಾಗಿತು.

"ಕೈ! ಅಕ್ಕಾರ, ಕೈ ನೋಡ್ರಿ!" ಎಂದು ಡಾಕ್ಟರಮ್ಮ ಕಿರುಚಿದಳು. ಯಂತ್ರ ಎಂದು ಕೂಗಲಿಲ್ಲ, ನೀರು ಎಂದು ಕೂಗಲಿಲ್ಲ. ನನಗೂ ಕಂಡದ್ದು ಕೈಯೊಂದೇ.

ನೀರು ಲೋಹದ ತೋಳಿನಿಂದ ಇಳಿದು ತೆರೆದ ಪೆಟ್ಟಿಗೆಯೊಳಗೆ ಹೋಯಿತು. ಚಟಾರೆಂದು ಸದ್ದಾಯಿತು, ಸುಟ್ಟ ವಾಸನೆ ಬಂತು. ಪರದೆ ಕಪ್ಪಾಯಿತು. ಮೇಷ್ಟ್ರು ಓಡಿಬಂದು ಗೋಡೆಯ ಸ್ವಿಚ್ ಆರಿಸಿದರು. ನಾವಿಬ್ಬರು ಅತ್ತೆಯ ಕೈಯನ್ನು ನೋಡುತ್ತಿದ್ದೆವು, ಅವರು ಪೆಟ್ಟಿಗೆಯನ್ನು ನೋಡುತ್ತಿದ್ದರು. ಅತ್ತೆ ಕತ್ತಲೆಯಾದ ಕನ್ನಡಕದೊಳಗಿಂದ ಕೇಳಿದಳು.

"ಒಲೆ ಎಲ್ಲಿ ಹೋತು?"

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ನನಗೆ ಜಗಳಕ್ಕಾದರೂ ಜಾಗ ಸಿಗುತ್ತಿತ್ತು. ಒದ್ದೆಯಾದ ಪೆಟ್ಟಿಗೆಯನ್ನು ತಮ್ಮ ಟವೆಲ್ಲಿನಲ್ಲಿ ಒರೆಸಿದರು, ಒರೆಸಿ ಒರೆಸಿ ಒಂದು ಕಡೆ ಕೂತುಬಿಟ್ಟರು. ಯಂತ್ರ ಒಂದೇ ಒಂದು ಇದ್ದದ್ದು. ಮರುದಿನ ಅದನ್ನು ಜೀಪಿನಲ್ಲಿ ಹಾಕಿಕೊಂಡು ಹೋದರು. ರಿಪೇರಿ ಮಾಡಿ ತರುತ್ತೇನೆಂದು ಹೇಳಿದ್ದರು. ಒಂದೆರಡು ಸಲ ಬೂತಿಗೆ ಫೋನು ಬಂತು, ಅತ್ತೆಯ ಕೈ ಹೇಗಿದೆ ಎಂದು ಕೇಳಿದರು. ಆಮೇಲೆ ಫೋನೂ ನಿಂತಿತು. ಯಂತ್ರ ಬರಲಿಲ್ಲ.

ಉಳಿದ ಇಬ್ಬರು ರೋಗಿಗಳಲ್ಲಿ ಒಬ್ಬರ ಹೆಂಡತಿ ಮಾರುಕಟ್ಟೆಯಲ್ಲಿ ನನ್ನನ್ನು ನಿಲ್ಲಿಸಿ, "ನಿಮ್ಮ ಮಡಿಯಿಂದ ನಮ್ಮವರ ಕೈಯೂ ಹೋಯ್ತು" ಅಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅತ್ತೆಗೆ ನಾನು ಇದನ್ನು ಹೇಳಲಿಲ್ಲ. ಆದರೆ ಅವಳಿಗೆ ಹೇಗೋ ಗೊತ್ತಾಯಿತು. ಆ ಮೇಲೆ ಆಟೋ ಸದ್ದು ಕೇಳಿದರೆ ಮುಖ ಗೋಡೆಗೆ ತಿರುಗಿಸುತ್ತಿದ್ದಳು.

ಕೈ ಬಂದಿತ್ತಲ್ಲ, ಅದನ್ನು ಉಳಿಸಿಕೊಳ್ಳೋಣ ಎಂದು ಡಾಕ್ಟರಮ್ಮ ಹೇಳಿದಳು. ಮನೆಯಲ್ಲಿ ನಿಜವಾದ ತಂಬಿಗೆಗೆ ನೀರು ತುಂಬಿ ಎದುರಿಗೆ ಇಟ್ಟೆ. ಕಣ್ಣಿಟ್ಟು ನೋಡುತ್ತಿದ್ದರೆ ಅತ್ತೆ ಅದನ್ನು ಎತ್ತುವಳು. ಕಣ್ಣು ಅತ್ತಿತ್ತ ಸರಿದರೆ ತಂಬಿಗೆ ಕೆಳಗೆ. ಬಿದ್ದದ್ದು ಅವಳಿಗೆ ಸದ್ದಿನಿಂದ ಗೊತ್ತಾಗಬೇಕು. ಯಂತ್ರ ಒತ್ತಿ ಹೇಳುತ್ತಿದ್ದದ್ದನ್ನು ತಾಮ್ರ ಅಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲವೋ ಏನೋ. ನನಗೆ ಈ ವಿದ್ಯೆ ಅರ್ಥವಾಗುವುದಿಲ್ಲ.

ಆದರೂ ಅವಳು ಆಸೆ ಬಿಡಲಿಲ್ಲ. ಒಂದು ದಿನ ನಾನು ಬೂತಿಗೆ ಹೋದ ಮೇಲೆ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿದ್ದಾಳೆ. ಒಲೆಗೆ ನೀರು ಹಾಕಿದ್ದಾಳೆ, ಚಿಕ್ಕ ಪಾತ್ರೆಯಲ್ಲಿ ಒಂದು ಹಿಡಿ ಅಕ್ಕಿ ಇಟ್ಟಿದ್ದಾಳೆ. ನಾನು ಮಧ್ಯಾಹ್ನ ಬಂದಾಗ ಅವಳು ತನ್ನ ಕುರ್ಚಿಯಲ್ಲಿ ಕೂತಿದ್ದಳು. ಒಲೆ ಆರಿತ್ತು. ಅನ್ನ ಅರ್ಧ ಪಾತ್ರೆಯಲ್ಲಿ, ಅರ್ಧ ಕಟ್ಟೆಯ ಮೇಲೆ.

"ಬಸಿಯಲೆ ಆಜಿಲ್ಲೆ" ಅಂದಳು.

ಆಗ ನಾನು ಅವಳ ಬಲಗೈಯನ್ನು ನೋಡಿದೆ. ಅಂಗೈಗೂ ನಾಲ್ಕು ಬೆರಳಿಗೂ ಬೊಬ್ಬೆ ಎದ್ದಿತ್ತು. ಕುದಿಯುವ ಪಾತ್ರೆಯನ್ನು ಬಟ್ಟೆ ಇಲ್ಲದೆ ಹಿಡಿದಿದ್ದಳು, ಹಿಡಿದುಕೊಂಡೇ ಇದ್ದಳು. ನಾನು ಕೂಗಿದಾಗಲೇ ಅವಳು ತನ್ನ ಕೈಯನ್ನು ನೋಡಿದ್ದು. ಎಡಗೈಯಿಂದ ಅದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ಸುಟ್ಟಿದ್ದೂ ಗೊತ್ತಾಜಿಲ್ಲೆ ಕೂಸೆ" ಅಂದಳು. ಗಂಡ ಸತ್ತಾಗ ಅತ್ತಳೋ ಇಲ್ಲವೋ ನಾನು ಕಂಡವಳಲ್ಲ, ಅಪ್ಪ ಹೋದಾಗ ಅಳಲಿಲ್ಲ. ಅವತ್ತು ಅತ್ತಳು. ಮೈಲಿಗೆಯಲ್ಲಿದ್ದ ನಾನು ಮುಟ್ಟುವಂತಿರಲಿಲ್ಲ. ಬಾಗಿಲಲ್ಲೇ ನಿಂತು ನಾನೂ ಅತ್ತುಬಿಟ್ಟೆ. ಆಮೇಲೆ ಬಚ್ಚಲಿಗೆ ಓಡಿ ಎರಡು ತಂಬಿಗೆ ನೀರು ತಲೆಗೆ ಸುರಿದುಕೊಂಡು, ತೊಟ್ಟಿಕ್ಕುವ ಬಟ್ಟೆಯಲ್ಲೇ ಬಂದು ಕೈಗೆ ಮುಲಾಮು ಹಚ್ಚಿದೆ. ನಮ್ಮ ಮನೆಯಲ್ಲಿ ಸುಟ್ಟ ಗಾಯಕ್ಕೂ ಮೊದಲು ಸ್ನಾನವಾಗಬೇಕಿತ್ತು.

ಅದಾದ ಮೇಲೆ ಅತ್ತೆ ಅಡುಗೆಮನೆಯ ಕಡೆ ಹೋಗಲಿಲ್ಲ. ಅವಲಕ್ಕಿಯೂ ಕಡಿಮೆಯಾಯಿತು, ಹಾಲೂ ಸಾಕೆನ್ನತೊಡಗಿದಳು. ಗಾಯ ಮಾಯುವ ಹೊತ್ತಿಗೆ ಬೆರಳುಗಳು ಮತ್ತೆ ಮುಷ್ಟಿಯಾಗಿದ್ದವು. ಡಾಕ್ಟರಮ್ಮ ಬಂದು ದೂರದಲ್ಲೇ ಕೂತು, ನೋಡಿ, ಕಣ್ಣೊರೆಸಿಕೊಂಡು ಹೋದಳು. ಅತ್ತೆ ಹೀಗೇ ಆರಿಹೋಗುತ್ತಾಳೆ ಎಂದು ನನಗೆ ಖಾತ್ರಿಯಾಯಿತು. ಗಂಡ ರಜೆ ಹಾಕಿ ಬಂದು ಕೂತರು.

ಒಂದು ಬೆಳಿಗ್ಗೆ ಮೀಯಿಸಿ ಸೀರೆ ಉಡಿಸಿ ಕೂರಿಸಿದ ಮೇಲೆ ಅತ್ತೆ ಕೇಳಿದಳು.

"ನಿಂಗೆ ಅನ್ನ ಮೆತ್ತಗೆ ಮಾಡಲೆ ಬತ್ತಾ?"

ತಲೆ ಆಡಿಸಿದೆ.

"ಎನ್ನ ಕೈ ಅನ್ನ ಯಾರೂ ಉಣ್ತಿಲ್ಲೆ ಹೇಳಿ ಎಂಗೆ ಸಿಟ್ಟಿತ್ತು" ಅಂದಳು. ತನ್ನ ಮುಷ್ಟಿ ನೋಡಿಕೊಂಡು, "ನಿನ್ನ ಕೈ ಅನ್ನನೂ ಆನು ಉಂಡಿದ್ನಿಲ್ಲೆ. ಮಾಡು, ಉಣ್ತೆ" ಅಂದಳು.

ಒದ್ದೆ ಸೀರೆಯಲ್ಲೇ ಒಲೆಗೆ ನೀರು ಹಾಕಿದೆ, ಪಾತ್ರೆಗೆ ನೀರು ಹಾಕಿದೆ. ಬರ್ನರ್ ಕಟ್ಟಿಕೊಂಡರೆ ಕಟ್ಟಿಕೊಳ್ಳಲಿ. ಅನ್ನ ಮಾಡಿ, ಗಂಜಿ ಬಸಿದು, ತುಪ್ಪ ಹಾಕಿ ಕಲಸಿ, ಅವಳ ಬಾಯಿಗೆ ನಾನೇ ತುತ್ತು ಇಟ್ಟೆ. ಅಷ್ಟು ತಿಂಗಳ ಮೇಲೆ ಅನ್ನ. ಅವಳು ಕಣ್ಣು ಮುಚ್ಚಿಕೊಂಡು ನಿಧಾನಕ್ಕೆ ಅಗಿದಳು. ನಾಲ್ಕು ತುತ್ತಿಗಿಂತ ಹೆಚ್ಚು ಸೇರಲಿಲ್ಲ. ಉಪ್ಪು ಕಡಿಮೆಯಾಯಿತೆಂದು ಹೇಳುವುದನ್ನು ಮರೆಯಲಿಲ್ಲ. ಕೈ ತೊಳೆಸಿ ಬಾಯಿ ಒರೆಸಿದೆ. ಅವಳು ಮಂಚದ ಮೇಲೆ ಕಾಲು ಚಾಚಿ ಗೋಡೆಗೆ ಒರಗಿ ಕೂತಳು.

"ಊಟ ಆತು" ಅಂದಳು. "ಬಾ ಕೂಸೆ, ಈಗ ಮುಟ್ಲಕ್ಕು."

ಆಗ ನನ್ನ ತಲೆಯಲ್ಲೂ ಬಿಳಿ ಕೂದಲು ಬಂದಿತ್ತು. ಹೋಗಿ ಅವಳ ಮಡಿಲಲ್ಲಿ ತಲೆ ಇಟ್ಟೆ. ಅವಳು ಎಡಗೈಯಿಂದ ಬಲಗೈಯನ್ನು ಎತ್ತಿ ನನ್ನ ನೆತ್ತಿಯ ಮೇಲೆ ಇಟ್ಟಳು. ಸುಟ್ಟು ಮಾಯ್ದ ಬೆರಳುಗಳು ಗಟ್ಟಿಯಾಗಿದ್ದವು. ಕೂದಲು ಬಿಡಿಸಲಿಲ್ಲ, ಅಲ್ಲಾಡಲಿಲ್ಲ, ಇಟ್ಟಲ್ಲೇ ಇದ್ದವು.

"ಗೊತ್ತಾಗ್ತಾ ಅತ್ತೆ?" ಎಂದು ಕೇಳಿದೆ.

"ಇಲ್ಲೆ. ನಿಂಗೆ?"

"ಎಂಗೆ ಗೊತ್ತಾಗ್ತು."

"ಹಂಗಾರೆ ಸಾಕು" ಅಂದಳು.